ಇನ್ನೂರ ಹದಿನಾಲ್ಕನೆಯ ಪುಟ

ಸೆಪ್ಟೆಂಬರ್ 3, ಮಂಗಳವಾರ

ಬೀಚ್ ಮರಗಳ ಕಾಡಿನಲ್ಲಿ ನಾಲ್ಕು ಗೂಟಗಳು. ಹೊಸ ಮರದವು, ಮೊಳಕಾಲೆತ್ತರ, ತಲೆಗೆ ಕಿತ್ತಳೆ ಬಣ್ಣದ ಪಟ್ಟಿ ಸುತ್ತಿದೆ. ನೀರಿನ ಊಟೆಯ ಮೇಲಿನ ಇಳಿಜಾರಿನಲ್ಲಿ ಚೌಕವಾಗಿ ಊರಿದ್ದಾರೆ; ಒಂದರಿಂದ ಇನ್ನೊಂದಕ್ಕೆ ನನ್ನ ಹೆಜ್ಜೆಯಲ್ಲಿ ಹದಿನೆಂಟು. ಅಣಬೆಗೆಂದು ಹೋದವಳು ಖಾಲಿ ಬುಟ್ಟಿ ಹಿಡಿದು ವಾಪಸು ಬಂದೆ.

ಗೂಟ ಬಂದಿದೆ ಎಂದರೆ ಕೊರೆಯುವ ಯಂತ್ರ ಬರುತ್ತದೆ. ಬಂಡೆ ಗಟ್ಟಿಯಾಗಿದೆ ಎಂದು ಕಂಡರೆ ಅರ್ಧ ಕಿಲೋಮೀಟರ್ ಆಳದಲ್ಲಿ ಸುರಂಗ, ಆ ಸುರಂಗದಲ್ಲಿ ದೇಶದ ಅಣುಸ್ಥಾವರಗಳು ಉರಿಸಿ ಬಿಟ್ಟ ಇಂಧನ. ಒಂದು ಲಕ್ಷ ವರ್ಷ ಅದು ಅಲ್ಲೇ ಇರಬೇಕು. ಪ್ರಾಗ್‌ನವರು ನಾಲ್ಕು ಊರುಗಳನ್ನು ನೋಡುತ್ತಿದ್ದಾರೆ, ನಮ್ಮ ಬುಚಿನ್ಕಾ ಅದರಲ್ಲೊಂದು. ಆದರೆ ಮಾಲೀಕನ ಒಪ್ಪಿಗೆಯಿಲ್ಲದೆ ಯಾರ ಜಮೀನಿನಲ್ಲೂ ಅವರು ಗೂಟ ಊರುವಂತಿಲ್ಲ. ಮೂರು ವರ್ಷದ ಹಿಂದೆ ಚೆನೆಕ್‌ನ ಬಿಯರ್ ಅಂಗಡಿಯಲ್ಲಿ ಊರಿನ ಮೂವತ್ತೆಂಟು ಜಮೀನುದಾರರೂ ಒಂದೇ ಹಾಳೆಗೆ ಸಹಿ ಹಾಕಿದ್ದೆವು: ಯಾರೂ ಒಪ್ಪುವುದಿಲ್ಲ. ಆ ಹಾಳೆ ಬರೆದವಳು ನಾನು. ಮೂವತ್ತೊಂದು ವರ್ಷ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆದ ಕೈ. ಅಕ್ಷರ ಚೆನ್ನಾಗಿದೆಯೆಂದು ಹದಿನಾರು ವರ್ಷದಿಂದ, ವರ್ಷವರ್ಷದ ಸಂಗತಿ ದಾಖಲಿಸುವ ಊರಿನ ಕೈಫಿಯತ್ತನ್ನೂ ನನ್ನಿಂದಲೇ ಬರೆಸುತ್ತಾರೆ.

ಮೂವತ್ತೆಂಟರಲ್ಲಿ ಒಬ್ಬರು ಮಾತು ತಪ್ಪಿದ್ದಾರೆ.

ಆ ಇಳಿಜಾರು ಮೇಲಿನಿಂದ ಕೆಳಕ್ಕೆ ಉದ್ದುದ್ದ ಪಟ್ಟಿಗಳಾಗಿ ಹಂಚಿಹೋಗಿದೆ. ಗಡಿಕಲ್ಲುಗಳನ್ನು ಸಹಕಾರಿ ಬೇಸಾಯದ ಕಾಲದಲ್ಲೇ ಕಿತ್ತರು. ಕಣ್ಣಳತೆಯಲ್ಲಿ ಹೇಳುವುದಾದರೆ ಗೂಟ ಇರುವುದು ಲೂಮೀರ್ ಕಡಾವಿಯ ಪಟ್ಟಿಯಲ್ಲಿ. ನನ್ನ ಕಣ್ಣಳತೆ ಹೆಚ್ಚು ತಪ್ಪುವುದಿಲ್ಲ.

ಸೆಪ್ಟೆಂಬರ್ 5, ಗುರುವಾರ

ಚೆನೆಕ್‌ನ ಅಂಗಡಿಯಲ್ಲಿ ಇವತ್ತು ಹದಿನಾಲ್ಕು ಜನ. ಗುರುವಾರಗಳಲ್ಲಿ ಏಳೆಂಟು ಇದ್ದರೆ ಹೆಚ್ಚು. ಗೂಟದ ವಿಷಯ ಎಲ್ಲರಿಗೂ ಗೊತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ.

"ಒಂದು ಲಕ್ಷ ವರ್ಷ ಏನೂ ಆಗಲ್ವಂತೆ," ಎಂದ ಚೆನೆಕ್, ಲೋಟ ಒರೆಸುತ್ತ. "ನಮ್ಮ ಬಸ್ ಸ್ಟಾಪಿಗೆ ಹಾಕಿದ್ ತಗಡು ಆರು ವರ್ಷ ಬಾಳ್ಲಿಲ್ಲ."

"ಚಂದ್ರನ ಮೇಲೆ ಹಾಕ್ಲಿ ಬಿಡು," ಎಂದ ಲೂಮೀರ್. "ಅಲ್ಲಿ ಆಗ್ಲೇ ಬಿಟ್ಟು ಬಂದಿದಾರಲ್ಲ. ಬೂಟು, ಬಾವುಟ, ಹೇತು ಕಟ್ಟಿಟ್ಟ ಚೀಲ. ನಾಳೆ ಯಾವನಾದ್ರೂ ಬೇರೆ ಲೋಕದೋನು ಬಂದ್ರೆ, ಭೂಮಿಯೋರು ಎಂಥೋರು ಅಂತ ಆ ಚೀಲ ಬಿಚ್ಚಿ ತಿಳ್ಕೋತಾನೆ."

ಎಲ್ಲರೂ ನಕ್ಕರು. ಲೂಮೀರ್ ನಗಿಸಿದ ಮೇಲೆ ತಾನು ನಗುವವನಲ್ಲ. ಶಾಲೆಯಲ್ಲಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದಾಗಿನಿಂದ ನೋಡಿದ್ದೇನೆ. ಇವತ್ತು ನಕ್ಕ.

"ಏನ್ ದ್ರಾಹಾ, ಬಿಯರ್ ಮುಟ್ಟೇ ಇಲ್ವಲ್ಲ. ನಮ್ಮನ್ನೆಲ್ಲ ಪುಸ್ತಕಕ್ಕೆ ಹಾಕ್ಕೋತಿದೀಯಾ?"

"ಹಾಕ್ಕೊಳೋವಂಥದ್ದು ಏನಾದ್ರೂ ಮಾಡಿದೀಯಾ?"

"ಅರವತ್ತೆಂಟು ವರ್ಷದಲ್ಲಿ ಏನೂ ಮಾಡಿಲ್ಲ. ಈಗ ಶುರು ಹಚ್ಚಲಾ?"

ಊರಿಗೆಲ್ಲ ಹೆಂಚು ಹೊದಿಸಿದ ಲೂಮೀರನ ಮನೆ ಮೂವತ್ತು ವರ್ಷದಿಂದ ಸೋರುತ್ತಿತ್ತು. ಈ ಬೇಸಗೆಯಲ್ಲಿ ಅವನ ಮಾಡಿಗೆ ಪೂರ್ತಿ ಹೆಂಚು ಬಿದ್ದಿದೆ.

ಸೆಪ್ಟೆಂಬರ್ 9, ಸೋಮವಾರ

7.40ಕ್ಕೆ ಲೂಮೀರ್ ಕಾಡಿನ ದಾರಿ ಹಿಡಿದ. ಕಂದು ಜಾಕೆಟ್ಟು, ಕೈಯಲ್ಲಿ ಬುಟ್ಟಿ. 9.15ಕ್ಕೆ ವಾಪಸು. ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿತ್ತು. ಅಣಬೆ ಸಿಗುವ ಜಾಗ ಗೊತ್ತಾಗದಿರಲಿ ಎಂದು ಎಲ್ಲರೂ ಸುತ್ತಿ ಬಳಸಿ ಬರುತ್ತಾರೆ. ಅವನು ನೇರ ದಾರಿಯಲ್ಲೇ ಬಂದ. ಅಣಬೆಗೆ ಹೋದವನಲ್ಲ.

ಸೆಪ್ಟೆಂಬರ್ 13, ಶುಕ್ರವಾರ

10.20ಕ್ಕೆ ಲೂಮೀರನ ಗೇಟಿನ ಮುಂದೆ ಬಿಳಿ ಕಾರು. ಇಳಿದವಳಿಗೆ ಮೂವತ್ತರ ಆಸುಪಾಸು, ಗಿಡ್ಡ ಕೂದಲು, ಹಸಿರು ಕಡತ. ಕಾರಿನ ಬಾಗಿಲ ಮೇಲೆ ಪ್ರಾಗ್‌ನವರ ಲಾಂಛನ. ಅವನು ಅವಳನ್ನು ಒಳಗೆ ಕರೆದ. ಇಪ್ಪತ್ತೈದು ನಿಮಿಷ. ಹೊರಗೆ ಬರುವಾಗ ಅವಳ ಕೈಯಲ್ಲಿ ಜೇನಿನ ಬಾಟಲಿ ಇತ್ತು; ಕೊಟ್ಟವನು ಇವನು. ಪ್ರಾಗ್‌ನವರಿಗೆ ಬುಚಿನ್ಕಾದವರು ಯಾರೂ ಒಂದು ಲೋಟ ನೀರು ಕೊಟ್ಟಿದ್ದಿಲ್ಲ.

ಸೆಪ್ಟೆಂಬರ್ 18, ಬುಧವಾರ

ಇವೆತಾಳ ದಿನಸಿ ಅಂಗಡಿಗೆ ಹೋದೆ. ಅವಳೇ ನಮ್ಮ ಗ್ರಾಮಸಭೆಯ ಅಧ್ಯಕ್ಷೆ. ಬೆಳಗ್ಗೆ ಬ್ರೆಡ್ಡು ಮಾರುತ್ತಾಳೆ, ಮಧ್ಯಾಹ್ನ ಅದೇ ಗಲ್ಲಾದಲ್ಲಿ ಕೂತು ಠಸ್ಸೆ ಒತ್ತುತ್ತಾಳೆ.

"ಯಾರು ಒಪ್ಪಿದ್ದು ಅಂತ ನಿಂಗೂ ಹೇಳಿಲ್ವಾ?"

"ಕೇಳ್ದೆ. ಮಾಲೀಕರ ವಿಷಯ ಹೇಳೋ ಹಾಗಿಲ್ಲ ಅಂದ್ರು. ಆದ್ರೆ ನಕ್ಷೆ ಕಂಪ್ಯೂಟರಲ್ಲಿದೆ ಕಣ್ ದ್ರಾಹಾ, ಯಾರ್ ಬೇಕಾದ್ರೂ ನೋಡ್ಬೋದು. ಬಾ, ತೆಗೀತೀನಿ, ಗೂಟ ಎಲ್ಲಿದೆ ಅಂತ ತೋರ್ಸು."

"ನಾನು ಬರ್ದಿರೋ ನಕ್ಷೇನ ನಂಗೇ ತೋರಿಸ್ತೀಯಾ?"

"ಹಾಗಲ್ಲ..."

"ಅದು ಲೂಮೀರನ ಪಟ್ಟಿ. ಪ್ರಾಗ್ ಕಾರು ಅವನ ಮನೆ ಮುಂದೆ ನಿಂತಿತ್ತು. ಅಷ್ಟೇ ನಂಗೊತ್ತಿರೋದು."

ಇಷ್ಟೇ ಹೇಳಿದ್ದು. ಎರಡೂ ನಿಜ. ಹಿಂದೆ ಸರದಿಯಲ್ಲಿ ಮೂವರಿದ್ದರು.

ಇವೆತಾ ಬ್ರೆಡ್ಡು ಕಟ್ಟುವಾಗ ನನ್ನ ಮುಖ ನೋಡಲಿಲ್ಲ. ಅವಳಿಗೆ ಗೊತ್ತಿದ್ದೂ ಮುಚ್ಚಿಡುತ್ತಿದ್ದಾಳೆಯೇ?

ಸೆಪ್ಟೆಂಬರ್ 26, ಗುರುವಾರ

ಅಪ್ಪನ ಫೈಲನ್ನು ಹೊರತೆಗೆದೆ. ಅವರನ್ನು ಮೂರು ವರ್ಷ ಹಿಂಬಾಲಿಸಿದ ಗುಪ್ತ ಪೊಲೀಸರು ಬರೆದದ್ದು. ಆಗಿನ ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ ನಮಗೆ ಪ್ರತಿ ಕೊಟ್ಟರು. ಹಿಂದೆ ಓದಿದಾಗ ಅರ್ಧಕ್ಕೇ ಮುಚ್ಚಿಟ್ಟಿದ್ದೆ. ಈ ಸಲ ಗಮನಕ್ಕೆ ಬಂದದ್ದು ಬೇರೆ: ಬರೆದವನಿಗೆ ಕೆಲಸ ಗೊತ್ತಿರಲಿಲ್ಲ. "ಬೆಳಗ್ಗೆ ಹೊರಟ" ಎನ್ನುತ್ತಾನೆ, ಎಷ್ಟು ಗಂಟೆಗೆ ಎಂದಿಲ್ಲ. "ಅಪರಿಚಿತ ವ್ಯಕ್ತಿಯನ್ನು ಭೇಟಿಯಾದ" ಎನ್ನುತ್ತಾನೆ; ಎತ್ತರ, ಬಟ್ಟೆ, ಬಂದ ದಿಕ್ಕು ಒಂದೂ ಇಲ್ಲ. ಇಂಥ ಬರಹದ ಮೇಲೆ ಅಪ್ಪನ ಕೆಲಸ ಹೋಯಿತು.

3.05ಕ್ಕೆ ಲೂಮೀರ್ ಹಿತ್ತಿಲಿನಲ್ಲಿ, ಏಣಿಯ ಮೇಲೆ. ಅವನ ಹೆಂಚುಗಳು ಎಲ್ಲವೂ ಒಂದೇ ಬಣ್ಣದವಲ್ಲ. ಕೆಲವು ಕಪ್ಪಾಗಿವೆ, ಕೆಲವಕ್ಕೆ ಪಾಚಿಯ ಗುರುತು.

ಅಕ್ಟೋಬರ್ 2, ಬುಧವಾರ

ಇವೆತಾಳ ಅಂಗಡಿಯ ಕಪಾಟಿನಲ್ಲಿ ಲೂಮೀರನ ಜೇನು ಹಾಗೇ ಇದೆ, ಹದಿನೇಳು ಬಾಟಲಿ. ಹೋದ ವಾರವೂ ಹದಿನೇಳೇ ಇತ್ತು. ಚೆನೆಕ್‌ನ ಅಂಗಡಿಯಲ್ಲಿ ಅವನು ಬಂದು ಕೂತರೆ ಆ ಮೇಜಿನವರು ಲೋಟ ಎತ್ತಿಕೊಂಡು ಬೇರೆ ಕಡೆ ಹೋಗುತ್ತಾರೆ. ಊರಿಗೆ ಹೇಗೋ ಗೊತ್ತಾಗಿದೆ.

ಅವನು ಒಬ್ಬನೇ ಕುಡಿದು, ಹೊರಡುವಾಗ ಚೆನೆಕ್‌ಗೆ, "ಮೇಜು ದೊಡ್ದಾಯ್ತು ಕಣಯ್ಯ, ಕೊಯ್ದು ಚಿಕ್ಕದು ಮಾಡ್ಸು," ಎಂದನಂತೆ. ತಪ್ಪಿಲ್ಲದವನಾಗಿದ್ದರೆ ಜಗಳವಾಡುತ್ತಿದ್ದ.

ಅಕ್ಟೋಬರ್ 8, ಮಂಗಳವಾರ

ಇವತ್ತು ಕೈಫಿಯತ್ತಿನಲ್ಲಿ ಬರೆದೆ.

ನನಗಿಂತ ಮೊದಲು ಬರೆಯುತ್ತಿದ್ದ ಆಂಬ್ರೋಜ್ ಮೇಷ್ಟ್ರು ಪುಸ್ತಕ ಒಪ್ಪಿಸುವಾಗ ಒಂದೇ ಮಾತು ಹೇಳಿದ್ದರು: ವರ್ಷವೆಲ್ಲ ಚೀಟಿಯಲ್ಲಿ ಬರೆದಿಟ್ಟುಕೋ, ಹಿಮ ಬಿದ್ದ ಮೇಲೆ ಪುಸ್ತಕಕ್ಕೆ ಇಳಿಸು. ಎಲ್ಲ ಊರುಗಳಲ್ಲೂ ಹಾಗೆಯೇ ಮಾಡುತ್ತಾರೆ. ಪುಟಗಳಿಗೆ ಅಚ್ಚಿನ ಸಂಖ್ಯೆ ಇದೆ, ಹರಿಯುವಂತಿಲ್ಲ. ಶಾಯಿ ಅಳಿಸುವಂಥದ್ದಲ್ಲ. ಹದಿನಾರು ವರ್ಷ ನಾನು ಜನವರಿಗೆ ಮೊದಲು ಆ ಶಾಯಿಯ ಬಾಟಲಿ ತೆರೆದವಳಲ್ಲ.

ಆದರೆ ಇದು ಬೇರೆ. ಜನವರಿಯ ಹೊತ್ತಿಗೆ ಊರು ರಾಜಿಯಾಗಿರುತ್ತದೆ. ಅವನು ನಾಲ್ಕು ಜೋಕು ಹೇಳುತ್ತಾನೆ, ಎಲ್ಲರೂ ಮರೆಯುತ್ತಾರೆ. ಕೆಳಗೆ ಹೂತದ್ದು ಲಕ್ಷ ವರ್ಷ ಇರುತ್ತದೆ. ಹೂಳಲು ಬಿಟ್ಟವನ ಹೆಸರು ಒಂದು ಚಳಿಗಾಲವೂ ಇರಬಾರದೇ?

214ನೇ ಪುಟ: "ಈ ವರ್ಷ ಸೆಪ್ಟೆಂಬರಿನಲ್ಲಿ ಬೀಚ್ ಕಾಡಿನ ಇಳಿಜಾರಿನಲ್ಲಿ ಕೊರೆಯಲು ಗುರುತು ಹಾಕಲಾಯಿತು. ಊರಿನ ಎಲ್ಲರೂ ಮಾಡಿದ್ದ ನಿರ್ಧಾರವನ್ನು ಮುರಿದು ತನ್ನ ಜಮೀನಿನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟವನು ನಾಲ್ಕನೇ ಮನೆಯ ಲೂಮೀರ್ ಕಡಾವಿ."

ಅಕ್ಷರಗಳು ಚೆನ್ನಾಗಿ ಬಂದವು.

ಅಕ್ಟೋಬರ್ 9, ಬುಧವಾರ

ಒಳ್ಳೆಯ ನಿದ್ದೆ. ಚೆನೆಕ್ ಕೇಳಿದ, ಬರೆದಿದ್ದೇನೆ ಎಂದು ಹೇಳಿದೆ.

ಅಕ್ಟೋಬರ್ 16, ಬುಧವಾರ

ಬಿಳಿ ಕಾರಿನ ಹುಡುಗಿ ನನ್ನ ಮನೆಗೇ ಬಂದಳು. ಹೆಸರು ರೂತ್ ಶೆಬೆಲೋವಾ. ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸಿದೆ.

"ಎಲ್ಲಿ ಕೊರೀಬೇಕು ಅಂತ ಕೇಳೋಕೆ ಬಂದ್ಯೇನು?"

"ನಾನು ಕೊರಿಯೋಳಲ್ಲಮ್ಮಾ. ನಾನು ನೆನಪಿನ ವಿಭಾಗ."

"ಅಂಥದ್ದೊಂದು ವಿಭಾಗ ಇದ್ಯಾ?"

"ಇಬ್ರೇ ಇರೋದು. ಇನ್ನೊಬ್ರು ಹೆರಿಗೆ ರಜದ ಮೇಲಿದಾರೆ."

ಮಳೆ ಬಂತು, ಒಳಗೆ ಬಿಡಬೇಕಾಯಿತು. ಪ್ಲಮ್ ಬನ್ನು ಮೇಜಿನ ಮೇಲಿತ್ತು, ಕೊಡಲಿಲ್ಲ.

ಅವಳ ಕೆಲಸ ಇದಂತೆ: ಸುರಂಗ ಯಾವ ಊರಿನಲ್ಲಿ ಆದರೂ, ಅದನ್ನು ಮುಚ್ಚಿದ ಮೇಲೆ ಮುಂದಿನವರು ಅಲ್ಲಿ ಅಗೆಯಬಾರದು. ಅದನ್ನು ಅವರಿಗೆ ಹೇಳುವುದು ಹೇಗೆ? "ಭಾಷೆ ಸಾಯತ್ತೆ, ದೇಶ ಇರಲ್ಲ. ಕಲ್ಲಲ್ಲಿ ಕೆತ್ತಿ ನಿಲ್ಸೋಣ ಅಂದ್ರೆ, ಆ ಕಲ್ಲನ್ನೇ ಕದ್ಕೊಂಡು ಹೋಗ್ತಾರೆ."

"ನಮ್ಮೂರ ಗಡಿಕಲ್ಲು ಹಂದಿಗೂಡು ಕಟ್ಟೋಕೆ ಹೋದ್ವು," ಎಂದೆ. ಯಾಕೆ ಹೇಳಿದೆನೋ.

ಅವಳು ಅದನ್ನು ಬರೆದುಕೊಂಡಳು. "ಅದಕ್ಕೇ ಊರೂರು ಸುತ್ತಿ ನೋಡ್ತಿದೀನಿ, ಜನ ಎಷ್ಟು ವರ್ಷ ನೆನಪಿಟ್ಕೋತಾರೆ ಅಂತ. ಇಲ್ಲಿ ಒಂದು ಪ್ರಶ್ನೆ ಇತ್ತು. ಪಕ್ಕದ ಪಟ್ಟಿಯೋರು ಅಂತ ಜೇನು ಸಾಕೋರನ್ನ ಕೇಳ್ದೆ, ಅವರಿಗೆ ಗೊತ್ತಿರ್ಲಿಲ್ಲ. 'ಕೈಫಿಯತ್ತು ಬರಿಯೋ ದ್ರಾಹಾನ್ನ ಕೇಳಿ, ನಮ್ಮೂರಲ್ಲಿ ಕೋಳಿ ಯಾವಾಗ ಮೊಟ್ಟೆ ಇಟ್ತು ಅಂತಾನೂ ಅವಳಿಗೆ ಗೊತ್ತು' ಅಂದ್ರು."

"ಏನು ಪ್ರಶ್ನೆ?"

"ನಾವು ಗುರುತು ಹಾಕಿರೋ ಜಾಗ. ಅದು ಮಾಲೀಕರು ಯಾರು ಅಂತ ತಿಳೀದೇ ಇದ್ದ ಜಮೀನು. ಹೋದ ವರ್ಷದ ಕೊನೇವರೆಗೂ ಯಾರೂ ನಮ್ಮದು ಅಂತ ಬರ್ಲಿಲ್ಲ, ಜನವರಿ ಒಂದಕ್ಕೆ ಸರ್ಕಾರಕ್ಕೆ ಸೇರ್ತು. ಅದಕ್ಕೇ ಯಾರ ಒಪ್ಪಿಗೇನೂ ಬೇಕಾಗ್ಲಿಲ್ಲ. ಹಳೇ ಪಹಣೀಲಿ ಒಂದು ಹೆಸರಿದೆ. ರೊಜಾಲಿಯಾ ಪೆಶಿನೋವಾ, ಹದಿನೇಳನೇ ಮನೆ. ಅವರು ಯಾರು ಅಂತ ನಿಮಗೆ ಗೊತ್ತಾ?"

ಗೊತ್ತಿಲ್ಲ ಎಂದೆ. ಅವಳು ಹೋದ ಮೇಲೆ ಬನ್ನುಗಳನ್ನು ಡಬ್ಬಿಯಲ್ಲಿಟ್ಟೆ.

ಸುಳ್ಳು ಹೇಳುತ್ತಿರಬಹುದು. ಒಪ್ಪಿಗೆ ಕೊಟ್ಟವನನ್ನು ಕಾಪಾಡಲು ಇಂಥ ಕಥೆ ಕಟ್ಟುವುದು ಅವರಿಗೆ ಕಷ್ಟವೇ?

ಅಕ್ಟೋಬರ್ 17, ಗುರುವಾರ

ಇವೆತಾಳ ಕಂಪ್ಯೂಟರಿನಲ್ಲಿ ನೋಡಿದೆ. ಗೂಟಗಳು ಲೂಮೀರನ ಪಟ್ಟಿಯಲ್ಲಿಲ್ಲ. ಅದರ ಪಕ್ಕದ ಪಟ್ಟಿಯಲ್ಲಿವೆ. ನನ್ನ ಕಣ್ಣಳತೆ ಹನ್ನೊಂದು ಮೀಟರ್ ತಪ್ಪಿದೆ.

ಇವೆತಾ ಹಿಂದೆ ನಿಂತಿದ್ದಳು. "ಮಾಲೀಕರು ತಿಳಿದಿಲ್ಲ ಅನ್ನೋ ಹೆಸರುಗಳ ಪಟ್ಟೀಲಿತ್ತಲ್ಲ ಈ ಜಮೀನು. ಎರಡು ಚಳಿಗಾಲದ ಹಿಂದೆ ನಿಂಗೇ ಕೊಟ್ಟಿದ್ದೆ, ಹನ್ನೊಂದು ಹೆಸರು. ನಮ್ಮೋರು ಯಾರಾದ್ರೂ ಇದಾರಾ ನೋಡು ಅಂತ."

ಕೊಟ್ಟಿದ್ದಳು. ಹನ್ನೊಂದಕ್ಕೂ "ತಿಳಿಯದು" ಎಂದು ಬರೆದು ಮಾರನೆಯ ದಿನವೇ ಹಿಂದಿರುಗಿಸಿದ್ದೆ. ಕೈಫಿಯತ್ತಿನ ಹಳೆಯ ಸಂಪುಟಗಳೆಲ್ಲ ನನ್ನ ಅಲ್ಮೇರದಲ್ಲೇ ಇವೆ. ತೆರೆಯಬೇಕೆಂದು ಅನ್ನಿಸಿರಲಿಲ್ಲ, ಬಾಯಿಪಾಠ ಬರುತ್ತದೆ ಎಂದುಕೊಂಡಿದ್ದೆ.

ಅಕ್ಟೋಬರ್ 18, ಶುಕ್ರವಾರ

ಎರಡನೇ ಸಂಪುಟ, ಮಾರ್ಚ್ 1934: "ಹದಿನೇಳನೇ ಮನೆಯ ವಿಧವೆ ರೊಜಾಲಿಯಾ ಪೆಶಿನೋವಾ ನಾಲ್ಕನೇ ಮನೆಯ ಯೋಸೆಫ್ ಕಡಾವಿಯನ್ನು ಮದುವೆಯಾಗಿ ಅಲ್ಲಿಗೆ ಹೋದಳು."

ಹುಡುಕಲು ನಲವತ್ತು ನಿಮಿಷ ಹಿಡಿಯಿತು.

ಯೋಸೆಫ್ ಕಡಾವಿ ಲೂಮೀರನ ಅಜ್ಜ. ಮೊದಲ ಗಂಡನಿಂದ ಬಂದ ಪಟ್ಟಿ ಹಳೆಯ ಹೆಸರಿನಲ್ಲೇ ಉಳಿಯಿತು. ಹದಿನೇಳನೇ ಮನೆಯನ್ನು ಕೆಡವಿ ಸಹಕಾರಿ ಸಂಘದ ಕೊಟ್ಟಿಗೆ ಕಟ್ಟಿದರು. ಮೊಮ್ಮಗನಿಗೆ ಅವಳು ಬರೀ ಅಜ್ಜಿ. ಆ ಹೆಸರು ಅವನ ಕಿವಿಗೆ ಬಿದ್ದಿರಲಿಕ್ಕಿಲ್ಲ. ಎರಡು ಚಳಿಗಾಲದ ಹಿಂದೆ ನಾನು ಈ ನಲವತ್ತು ನಿಮಿಷ ಕೂತಿದ್ದರೆ ಪಟ್ಟಿ ಲೂಮೀರನದಾಗುತ್ತಿತ್ತು. ಅವನು ಅಲ್ಲಿ ಗೂಟ ಊರಲು ಬಿಡುತ್ತಿರಲಿಲ್ಲ.

ಬಿಡುತ್ತಿದ್ದನೋ ಏನೋ. ಅವನಿಗೆ ಮೊದಲೇ ಗೊತ್ತಿದ್ದು ಸುಮ್ಮನಿದ್ದಿರಲೂಬಹುದು. ಇವೆತಾ ಆ ಹನ್ನೊಂದು ಹೆಸರುಗಳನ್ನು ನನಗೊಬ್ಬಳಿಗೇ ಯಾಕೆ ಕೊಟ್ಟಳು ಎಂಬುದನ್ನೂ ಯೋಚಿಸಬೇಕು.

ಅಕ್ಟೋಬರ್ 21, ಸೋಮವಾರ

ಯಾರಿಗೂ ಹೇಳಿಲ್ಲ. ಯಂತ್ರ ಬಂತು. ಮನೆಯೊಳಗೆ ಕೂತರೂ ಸದ್ದು ಕೇಳುತ್ತದೆ.

ಅಕ್ಟೋಬರ್ 24, ಗುರುವಾರ

ಲೂಮೀರನ ಎರಡು ಜೇನುಪೆಟ್ಟಿಗೆಗಳನ್ನು ಯಾರೋ ಉರುಳಿಸಿದ್ದಾರೆ. ಮುಚ್ಚಳ ಒಂದು ಕಡೆ, ಚೌಕಟ್ಟುಗಳು ಹುಲ್ಲಿನಲ್ಲಿ. ರಾತ್ರಿ ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ ಇಳಿದಿತ್ತು. 8.10ರಿಂದ 9.30ರವರೆಗೆ ಅವನು ಮಂಡಿಯೂರಿ ಕೂತು ಸೆಟೆದ ಹುಳುಗಳನ್ನು ಕೈಯಲ್ಲಿ ಬಾಚಿ ಟೊಪ್ಪಿಗೆಗೆ ಹಾಕಿಕೊಳ್ಳುತ್ತಿದ್ದ. ಬೆಚ್ಚಗಾದರೆ ಕೆಲವು ಬದುಕುತ್ತವೆ.

ಯಾರು? ಚೆನೆಕ್‌ನ ಬೂಟಿಗೆ ಕೆಸರು ಮೆತ್ತಿತ್ತು. ಆದರೆ ಎಲ್ಲರ ಬೂಟಿಗೂ ಮೆತ್ತಿದೆ. ಇವತ್ತು ಅಂಗಡಿಯಲ್ಲಿ ಯಾರೂ ಈ ವಿಷಯ ಎತ್ತಲಿಲ್ಲ. ಎಲ್ಲರಿಗೂ ಗೊತ್ತಿದೆ ಎಂದು ಕಾಣುತ್ತದೆ. ನನ್ನೊಬ್ಬಳಿಗೆ ಹೇಳುತ್ತಿಲ್ಲ.

ಇದನ್ನು ಬರೆಯುತ್ತಿರುವಾಗ ತಿಳಿಯಿತು: ಒಂದು ಗಂಟೆ ಇಪ್ಪತ್ತು ನಿಮಿಷ ನಾನು ಕಿಟಕಿಯಲ್ಲಿ ನಿಂತಿದ್ದೆ.

ಅಕ್ಟೋಬರ್ 29, ಮಂಗಳವಾರ

ಲೂಮೀರ್ ಬಂದ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ, ಕಚೇರಿಗೆ ಬಂದವನ ಹಾಗೆ.

"ಹೆಸರು ಬರ್ದಿದೀಯ ಅಂತ ಚೆನೆಕ್ ಅಂದ. ಯಾರ್ ಬೇಕಾದ್ರೂ ನೋಡ್ಬೋದಲ್ವಾ ಪುಸ್ತಕಾನ?"

"ನೋಡ್ಬೋದು."

ಮೇಜಿನ ಮೇಲೆ ಬಿಡಿಸಿಟ್ಟೆ. ಬೆರಳಿಟ್ಟು ನಿಧಾನವಾಗಿ ಓದಿದ. ಮತ್ತೆ ಮೊದಲಿನಿಂದ ಓದಿದ.

"ಅಕ್ಷರ ಚೆನ್ನಾಗಿದೆ. ನೂರಾ ಇಪ್ಪತ್ತು ವರ್ಷದ ಪುಸ್ತಕದಲ್ಲಿ ನಮ್ಮ ಮನೆಯೋರ್ದು ಒಬ್ಬರ್ದೂ ಹೆಸರಿಲ್ಲ ಅಂತ ಅಪ್ಪ ಕೊರಗ್ತಿದ್ದ. ಇವತ್ತು ಇದ್ದಿದ್ರೆ ತೋರಿಸ್ಬೋದಿತ್ತು."

ಎರಡನೇ ಸಂಪುಟ ತಂದು 1934ನ್ನು ಓದಿದೆ. ಜಮೀನಿನ ಪಟ್ಟಿಯ ವಿಷಯ ಹೇಳಿದೆ, ನನಗೆ ಕೊಟ್ಟಿದ್ದ ಹನ್ನೊಂದು ಹೆಸರು, ನಾನು ಬರೆದ "ತಿಳಿಯದು".

ಯಂತ್ರದ ಸದ್ದು ಕೇಳು‌ತ್ತಿತ್ತು.

"ಅಂದ್ರೆ ಆ ಪಟ್ಟಿ ನಂದಾಗಿತ್ತು."

"ಹೂಂ."

"ನೀನು ಹೇಳ್ದೇ ಹೋಗಿದ್ದಕ್ಕೆ ಅವ್ರ ಕೈಗೆ ಹೋಯ್ತು."

"ಹೂಂ."

"ಆಮೇಲೆ, ಕೊಟ್ಟೋನು ನಾನು ಅಂತ ಬರ್ದೆ."

ಮೇಜಿನ ಮೇಲಿದ್ದ ಪುಸ್ತಕವನ್ನು ನನ್ನ ಕಡೆಗೆ ಎಳೆದುಕೊಂಡೆ.

"ಹೊಸ ಹೆಂಚು ಹಾಕ್ಸಿದ ಅಂತಾನೂ ಹೇಳ್ತಿದ್ಯಂತೆ. ಪಕ್ಕದೂರಿನ ಪಾದ್ರಿ ಮನೆ ಕೆಡವ್ದಾಗ ಆರ್ಸಿ ತಂದಿದ್ದು ಕಣೇ ಅದು. ಕಣ್ಣಿಗೆ ಕಾಣ್ಲಿಲ್ವಾ, ಅರ್ಧಕ್ಕರ್ಧ ಪಾಚಿ ಹಿಡಿದಿದೆ."

ಕಂಡಿತ್ತು. ಈ ದಿನಚರಿಯಲ್ಲಿ ಬರೆದೂ ಇದ್ದೇನೆ.

"ಅಜ್ಜಿ ವಿಷಯ ಇನ್ನೇನಾದ್ರೂ ಇದ್ಯಾ ಅದ್ರಲ್ಲಿ? ನಾನು ಎರಡು ವರ್ಷದ ಮಗು ಇದ್ದಾಗ ಹೋಗ್ಬಿಟ್ಲು. ಒಂದು ಫೋಟೋನೂ ಇಲ್ಲ."

ಇತ್ತು. ಫೆಬ್ರವರಿ 1937: "ಅಗ್ನಿಶಾಮಕ ದಳದ ಕುಣಿತದ ದಿನ ಯೋಸೆಫ್ ಕಡಾವಿಯ ಹೆಂಡತಿ ಬ್ಯಾಂಡಿನವರು ಸುಸ್ತಾಗಿ ಕೂತ ಮೇಲೂ ಕುಣಿಯುವುದನ್ನು ನಿಲ್ಲಿಸಲಿಲ್ಲ. ಮುಂದಿನ ಭಾನುವಾರ ಪಾದ್ರಿಗಳು ಇದನ್ನು ಪ್ರಸ್ತಾಪಿಸಿದರು."

"ಇನ್ನೊಂದ್ಸಲ ಓದು," ಎಂದ.

ಓದಿದೆ. ತನ್ನ ಅಪ್ಪ ಕೊರಗಿದ್ದು ತಪ್ಪು, ಕುಣಿತದ ಸಾಲಿನಲ್ಲಿ ಅಜ್ಜಿಯ ಹೆಸರು ಹಾಕದಿದ್ದರೂ ಹಾಕಿದ ಹಾಗೆಯೇ ಇದೆ ಎಂದ. ಟೊಪ್ಪಿಗೆ ಹಾಕಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ ನಿಂತ.

"ಹನ್ನೊಂದನೇ ತಾರೀಕು ಸಭೆ ಇದೆ. ತಿದ್ದುಪಡಿ ಕೇಳಿ ಅರ್ಜಿ ಹಾಕ್ತೀನಿ. ಪಂಚಾಯ್ತಿ ಮುಂದೆ ಹೇಳು, ನನ್ ಮುಂದೆ ಹೇಳಿದ್ ಹಾಗೇ."

ನವೆಂಬರ್ 2, ಶನಿವಾರ

ಸತ್ತವರ ದಿನ. ಸ್ಮಶಾನದ ತುಂಬ ಮೇಣದಬತ್ತಿ. ಲೂಮೀರ್ ಮೂರು ಸಾಲು ಹುಡುಕಿದ. ರೊಜಾಲಿಯಾಳ ಗೋರಿ ಇದ್ದ ಜಾಗದಲ್ಲಿ ಈಗ ಬೇರೆ ಯಾರೋ ಇದ್ದಾರೆ. ಗೋರಿ ಇಲ್ಲದವರಿಗೆಂದು ಇರುವ ದೊಡ್ಡ ಶಿಲುಬೆಯ ಕೆಳಗೆ ಹಚ್ಚಿದ. ನನ್ನನ್ನು ನೋಡಿ ತಲೆಯಾಡಿಸಿದ. ಯಾಕೆ ತಲೆಯಾಡಿಸಿದ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ಸಭೆಯಲ್ಲಿ ಏನೋ ಮಾಡಲು ಯೋಚಿಸಿರಬೇಕು.

ನವೆಂಬರ್ 11, ಸೋಮವಾರ

ಗ್ರಾಮಸಭೆ. ಏಳು ಸದಸ್ಯರು, ನಲವತ್ತಕ್ಕೂ ಹೆಚ್ಚು ಜನ. ಕುರ್ಚಿ ಸಾಲದೆ ಅಗ್ನಿಶಾಮಕ ದಳದ ಬೆಂಚು ತರಿಸಿದರು. ರೂತ್ ಶೆಬೆಲೋವಾ ಕೊನೆಯ ಸಾಲಿನಲ್ಲಿ ಇದ್ದಳು. ಸಭೆಗೆ ಯಾರು ಬೇಕಾದರೂ ಬರಬಹುದು.

ನಾನು ಎದ್ದು ನಿಂತು ಹೇಳಿದೆ. ಬರೆದುಕೊಂಡು ಹೋಗಿದ್ದ ಕಾಗದವನ್ನು ನೋಡಲಿಲ್ಲ. ನಾಲ್ಕು ನಿಮಿಷ. ಪೆಟ್ಟಿಗೆ ಉರುಳಿಸಿದವರು ಅಲ್ಲೇ ಎಲ್ಲೋ ಕೂತಿದ್ದರು. ಎಲ್ಲರೂ ನೆಲ ನೋಡುತ್ತಿದ್ದುದರಿಂದ ಯಾರೆಂದು ತಿಳಿಯಲಿಲ್ಲ.

ಜಮೀನನ್ನು ವಾಪಸು ಪಡೆಯಬಹುದೇ ಎಂದು ಯಾರೋ ಕೇಳಿದರು. ಇವೆತಾ ವಕೀಲರನ್ನು ಕೇಳಿದ್ದಳಂತೆ. ಗಡುವು ದಾಟಿದೆ, ಆಗುವುದಿಲ್ಲ. ಕೊರೆಯುವುದು ನಿಲ್ಲುವುದಿಲ್ಲ.

"ಇನ್ನು ಪುಟದ ವಿಷಯ," ಎಂದಳು ಇವೆತಾ. "ಹರಿಯೋ ಹಾಗಿಲ್ಲ. ಗೆರೆ ಹೊಡೆದು ಕೆಳಗೆ ಬರೀಬೋದು. 'ಮಾಹಿತಿ ಕೊರತೆಯಿಂದ ತಪ್ಪಾಗಿದೆ' ಅಂತ ಒಂದ್ ಸಾಲು ಸಾಕಲ್ವಾ?"

"ಕೊರತೆ ಎಲ್ಲಿತ್ತು?" ಎಂದ ಲೂಮೀರ್. "ಮಾಹಿತಿಯೆಲ್ಲ ಅವಳ ಅಲ್ಮೇರದಲ್ಲೇ ಇತ್ತು."

ಒಬ್ಬಿಬ್ಬರು ನಕ್ಕು ಸುಮ್ಮನಾದರು.

"ಗೆರೆ ಹೊಡೀಬೇಡಿ. ಹಾಗೇ ಇರ್ಲಿ, ಓದೋ ಹಾಗಿರ್ಲಿ. ಕೆಳಗೆ ಪೂರ್ತಿ ಬರೀಲಿ. ಯಾರು ಬರೆದ್ರು, ಯಾಕೆ ಸುಳ್ಳು, ಪಟ್ಟಿ ಯಾರ್ದು. ಜೇನುಪೆಟ್ಟಿಗೇದೂ ಬರೀಲಿ. ಯಾರು ಅಂತ ನಂಗೆ ಬೇಡ. ಆಯ್ತು ಅನ್ನೋದು ಇರ್ಲಿ."

ಏಳು ಕೈ ಎದ್ದವು. ಹೊರಗೆ ಬರುವಾಗ ಚೆನೆಕ್, "ಗುರುವಾರ ಬರ್ತೀಯಲ್ಲ?" ಎಂದು ಲೂಮೀರನನ್ನು ಕೇಳಿದ. "ಮೇಜು ಕೊಯ್ಸಿದ್ರೆ ಬರ್ತೀನಿ," ಎಂದ ಅವನು.

ನವೆಂಬರ್ 13, ಬುಧವಾರ

ಕರಡು ಒಂದು: "ತಪ್ಪು ಸಂಭವಿಸಿದೆ." ತಪ್ಪು ತಾನಾಗಿ ಸಂಭವಿಸುವುದಿಲ್ಲ. ಹರಿದೆ.

ಕರಡು ಎರಡರಲ್ಲಿ, ಹನ್ನೊಂದು ಹೆಸರುಗಳ ಪಟ್ಟಿಯನ್ನು ಅಧ್ಯಕ್ಷೆ ಬೇರೆಯವರಿಗೂ ತೋರಿಸಬಹುದಿತ್ತು ಎಂದು ಬಂದಿದೆ. ಹರಿದೆ.

ಕರಡು ಐದರಲ್ಲೂ ಒಂದು "ಆದರೂ" ಉಳಿದಿದೆ. ಎಲ್ಲಿಂದ ನುಗ್ಗುತ್ತದೋ ತಿಳಿಯದು.

ನವೆಂಬರ್ 15, ಶುಕ್ರವಾರ

ಬರೆದೆ. 214ನೇ ಪುಟದ ಕೆಳಭಾಗ:

"ಮೇಲೆ ಲೂಮೀರ್ ಕಡಾವಿಯ ಬಗ್ಗೆ ಬರೆದಿರುವುದು ಸುಳ್ಳು. ಅವರು ಒಪ್ಪಿಗೆ ಕೊಡಲಿಲ್ಲ. ಆ ಜಮೀನು ಅವರ ಅಜ್ಜಿ ರೊಜಾಲಿಯಾ ಪೆಶಿನೋವಾ ಅವರದಾಗಿತ್ತು. ಅದನ್ನು ತಿಳಿಯುವ ಪುಸ್ತಕ ಕೈಯಲ್ಲಿದ್ದೂ ತೆರೆಯದೆ, ಮಾಲೀಕರು ತಿಳಿಯದು ಎಂದು ಬರೆದುಕೊಟ್ಟವಳು ಕೈಫಿಯತ್ತಿನ ಲೇಖಕಿ ದ್ರಹೊಮೀರಾ ತೊಮೆಶೋವಾ. ಹಾಗಾಗಿ ಜಮೀನು ಸರ್ಕಾರಕ್ಕೆ ಹೋಯಿತು. ಮೇಲಿನ ಸುಳ್ಳನ್ನು ವಿಚಾರಿಸದೆ ಊರಿನಲ್ಲಿ ಹೇಳಿದವಳೂ, ಇಲ್ಲಿ ಬರೆದವಳೂ ಅವಳೇ. ಅದನ್ನು ನಂಬಿ ಅಕ್ಟೋಬರ್ 24ರಂದು ಯಾರೋ ಲೂಮೀರ್ ಕಡಾವಿಯ ಎರಡು ಜೇನುಪೆಟ್ಟಿಗೆಗಳನ್ನು ಉರುಳಿಸಿದರು. ಒಂದು ಗೂಡು ಉಳಿಯಿತು."

ಕೈಫಿಯತ್ತು ಬರೆದವರು ಯಾರೂ ಇದುವರೆಗೆ ಅದರೊಳಗೆ ತಮ್ಮ ಹೆಸರು ಬರೆದದ್ದಿಲ್ಲ. ಅಕ್ಷರ ಅಷ್ಟು ಚೆನ್ನಾಗಿ ಬಂದಿಲ್ಲ.

ನವೆಂಬರ್ 20, ಬುಧವಾರ

ರೂತ್ ಶೆಬೆಲೋವಾ ಮತ್ತೆ ಬಂದಳು. ಹಸಿರು ಕಡತದಿಂದ ಒಂದು ನಮೂನೆ ತೆಗೆದಳು.

ನಾಲ್ಕೂ ಊರುಗಳ ಕೈಫಿಯತ್ತಿನಿಂದ ಒಂದೊಂದು ಪುಟವನ್ನು ಪಿಂಗಾಣಿ ಹಲಗೆಗಳ ಮೇಲೆ ಮೂಡಿಸುತ್ತಾರಂತೆ. ಸುರಂಗ ಎಲ್ಲೇ ಆಗಲಿ, ಆ ಹಲಗೆಗಳು ಅದರ ಮೇಲಿನ ಕೋಣೆಯಲ್ಲಿ ಇರುತ್ತವೆ. ಅಗೆಯುತ್ತ ಬಂದವರಿಗೆ ಮೊದಲು ಸಿಗುವುದು ಅವು.

"ಬೇರೆ ಊರೋರು ಏನು ಕೊಟ್ರು?"

"ಒಬ್ರು ಚರ್ಚಿನ ಗಂಟೆ ತಂದಿದ್ದು. ಒಬ್ರು ಫುಟ್ಬಾಲ್ ಗೆದ್ದಿದ್ದು."

"ನಮ್ಮೂರಿಂದ ಈ ಪುಟಾನೇ ಯಾಕೆ? ಸಭೇಲಿ ಕೇಳಿಸ್ಕೊಂಡು ನಮ್ಮನ್ನ ಆಡ್ಕೊಳೋಕಾ?"

ಅವಳು ಸ್ವಲ್ಪ ಯೋಚಿಸಿದಳು. "ಇಲ್ಲಿ ಅಗೀಬೇಡಿ ಅಂತ ನಾವು ಬರ್ದಿರ್ತೀವಿ. ಓದೋರು ನಂಬ್ಬೇಕಲ್ಲಮ್ಮಾ. ಈ ಪುಟದಲ್ಲಿ ಮೇಲಿರೋದು ಸುಳ್ಳು ಅಂತ, ಬರ್ದೋರೇ ಕೆಳಗೆ ಬರ್ದಿದಾರೆ. ಬೇರೆ ಎಲ್ಲೂ ನಂಗೆ ಅಂಥದ್ದು ಸಿಕ್ಲಿಲ್ಲ."

"ಲೂಮೀರನ ಹೆಸರಿದೆ ಅದ್ರಲ್ಲಿ."

"ಮೊದ್ಲು ಅವರ ಮನೆಗೇ ಹೋಗಿದ್ದೆ. 'ಅಜ್ಜಿ ಹೆಸ್ರು ಕಾಣ್ಸಿದ್ರೆ ಸಾಕು, ನಂದೇನಿಲ್ಲ' ಅಂದ್ರು. ಆದ್ರೆ ಅವರು ಸಹಿ ಹಾಕೋ ಹಾಗಿಲ್ಲ. ಬರ್ದೋರು ಹಾಕ್ಬೇಕು."

ಬನ್ನು ಕೊಟ್ಟೆ. ಅವಳು ತಿನ್ನುತ್ತಿರುವಾಗ ನಮೂನೆ ಓದಿದೆ. ಎರಡು ಪುಟ, ಒಂಬತ್ತು ಅಂಶ. ನಾಲ್ಕು ಸಲ ಓದಿದೆ. ಮೋಸ ಹುಡುಕಿದೆ. ಏಳನೇ ಅಂಶದಲ್ಲಿ ಅನುಮತಿಯ ಅವಧಿ ಎಂದಿತ್ತು, ಮುಂದೆ: "ಹಲಗೆ ಉಳಿಯುವವರೆಗೆ." ಎಷ್ಟು ವರ್ಷ ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ನಿಜವಿರಬೇಕು.

ಅವಳು ಪೆನ್ನು ಚಾಚಿದಳು. ಬೇಡವೆಂದು ಶಾಯಿಯ ಬಾಟಲಿ ತಂದೆ.

ಬುಚಿನ್ಕಾದಲ್ಲಿ ಪ್ರಾಗ್‌ನವರ ಕಾಗದದ ಮೇಲೆ "ಒಪ್ಪಿದ್ದೇನೆ" ಎಂದು ಬರೆದು ಸಹಿ ಹಾಕಿದವರು ಇದುವರೆಗೆ ಒಬ್ಬರೇ. ಹೆಸರು, ಮನೆಯ ಸಂಖ್ಯೆ, ದಿನಾಂಕ ಎಲ್ಲವೂ ನನ್ನ ಕೈಬರಹದಲ್ಲಿದೆ.